ಅಂಗಳದಲ್ಲಿ ಉಳಿದ ಗಾಲಿಯ ಗುರುತು

ನಮ್ಮೂರಿನ ಎರೆಮಣ್ಣಿಗೆ ಒಂದು ಕೆಟ್ಟ ಗುಣವಿದೆ. ಹಸಿಯಿದ್ದಾಗ ಯಾರು ತುಳಿದರೂ ಹಿಡಿದುಕೊಳ್ಳುತ್ತದೆ, ಒಣಗಿದ ಮೇಲೆ ಬಿಡುವುದಿಲ್ಲ. ಹಿಂಗಾರಿಯ ಕೊನೆಯ ಮಳೆಯಲ್ಲಿ ಮೂಡಿದ ಎತ್ತಿನ ಹೆಜ್ಜೆ ಮುಂದಿನ ಮುಂಗಾರಿನವರೆಗೂ ಕಲ್ಲಾಗಿ ಉಳಿಯುತ್ತದೆ. ಎಂಬತ್ತರ ದಶಕದ ಒಂದು ವರ್ಷ ನಮ್ಮ ಅಂಗಳದಲ್ಲಿ ಹಾಗೆ ಉಳಿದದ್ದು ಅಣ್ಣನ ಕಾರಿನ ಗುರುತು. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಆಗ ಕಾರು ಅಂತ ಇದ್ದದ್ದು ಅದೊಂದೇ.

ಆ ದಿನ ಮುಂಜಾನೆ ಮಳೆ ಸಣ್ಣಗೆ ಹನಿದು ನಿಂತಿತ್ತು. ಉಳ್ಳಾಗಡ್ಡಿಯ ರೇಟು ಕೇಳಿಕೊಂಡು ಬರುತ್ತೇನೆಂದು ಅಣ್ಣ ಹುಬ್ಬಳ್ಳಿಗೆ ಹೊರಟ. ಪೇಟೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹೆಣವನ್ನು ಯಾರದೋ ಜೀಪಿನಲ್ಲಿ ತಂದರು. ಅಷ್ಟರಲ್ಲಿ ಮೇಲೆಲ್ಲೋ ಸುರಿದ ಮಳೆಗೆ ಬೆಣ್ಣೆಹಳ್ಳ ತುಂಬಿ ಬಂದಿತ್ತು. ಆಚೆ ದಂಡೆಯಲ್ಲಿ ಜೀಪು, ಈಚೆ ದಂಡೆಯಲ್ಲಿ ನಾವು. ಮರುದಿನವೂ ನೀರು ಇಳಿಯಲಿಲ್ಲ. ಆಚೆ ನಮ್ಮದೇ ಒಂದು ಹೊಲವಿತ್ತು. ಹಿರಿಯರು ಅಲ್ಲಿಯೇ ಮಣ್ಣು ಕೊಟ್ಟರು. ವೈನಿ, ಅಂದರೆ ಅಣ್ಣನ ಹೆಂಡತಿ, ಈಚೆ ನಿಂತು ಎಲ್ಲವನ್ನೂ ನೋಡಿದಳು. ಅಳಲಿಲ್ಲ. ಅಂದು ಅಳಲಿಲ್ಲ, ಆಮೇಲೂ ಅಳಲಿಲ್ಲ. ಓಣಿಯ ಹೆಂಗಸರು ಅದಕ್ಕೂ ಮಾತಾಡಿಕೊಂಡರು. ಎಲುಬಿಲ್ಲದ ನಾಲಿಗೆಗಳು.

ಆ ವರ್ಷ ಮತ್ತೆ ಮಳೆಯಾಗಲಿಲ್ಲ. ನಾನು ಬೇರೆ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದೆ. ಬೇಸಿಗೆ ರಜೆಗೆ ಬಂದಾಗ ನೋಡಿದರೆ, ಬಾಗಿಲಿನಿಂದ ಓಣಿಯವರೆಗೆ ಎರಡು ಸಾಲು ಗಾಲಿಯ ಗುರುತು ಹಾಗೇ ಇದೆ. ಆಡು ಕುರಿ ತುಳಿಯಬಾರದೆಂದು ವೈನಿ ಅದರ ಎರಡೂ ಬಾಜು ಜಾಲಿಮುಳ್ಳು ಇಟ್ಟಿದ್ದಳು. ಹೋದ ಗುರುತು ಇತ್ತು. ಬಂದ ಗುರುತು ಇರಲಿಲ್ಲ.

ಅವಳಿಗೆ ತಲೆ ಕೆಟ್ಟಿದೆ ಅನ್ನುವ ಹಾಗೂ ಇರಲಿಲ್ಲ. ಸೋಮವಾರ ಹಳ್ಳ ದಾಟಿ ಹೋಗಿ ಸಮಾಧಿಗೆ ಹೂವು ಏರಿಸಿ ಬರುತ್ತಿದ್ದಳು. ಮನೆಗೆ ಬಂದು, ಸಂಜೆಯಾದರೆ, ಕಟ್ಟೆಯ ಮೇಲೆ ಕೂತು ಅದೇ ಗಂಡನ ದಾರಿ ಕಾಯುತ್ತಿದ್ದಳು. “ಕಾರು ಬಂತು ನೋಡು” ಅನ್ನುತ್ತಿದ್ದಳು, ಅಗದಿ ಸಹಜವಾಗಿ. ನಾನು ಬೈಯುತ್ತಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಮಾತು ಬಲ್ಲವಳೂ ಹೌದು, ಜಗಳಗಂಟಿಯೂ ಹೌದು. ಆದರೆ ಒಂದು ಸಂಜೆ ಜೋಳ ಹಸನು ಮಾಡುತ್ತಾ ಕೂತಿದ್ದಾಗ ನನಗೇ ಆ ಸದ್ದು ಕೇಳಿಸಿತು. ಓಣಿಯ ತಿರುವಿನಲ್ಲಿ ಗೇರು ಬದಲಿಸಿದ ಸದ್ದು, ಆಮೇಲೆ ಎಂಜಿನ್ ಆರಿದ ಸದ್ದು. ಮೊರ ಕೆಳಗಿಟ್ಟು ಎದ್ದು ಹೋದೆ. ಓಣಿಯಲ್ಲಿ ಯಾರೂ ಇರಲಿಲ್ಲ. ತಿರುಗಿ ನೋಡಿದರೆ ವೈನಿ ನನ್ನನ್ನೇ ನೋಡುತ್ತಿದ್ದಳು. ನನಗೆ ಹೆದರಿಕೆಯಾಯಿತು, ಅವಳ ಬಗ್ಗೆ ಅಲ್ಲ, ನನ್ನ ಬಗ್ಗೆ.

“ಹೋದವರು ಬರಂಗಿಲ್ಲ, ವೈನಿ” ಅಂದೆ.

“ನನಗೂ ಗೊತ್ತೈತಿ. ಮಣ್ಣು ಕೊಟ್ಟದ್ದು ಕಣ್ಣಾರೆ ನೋಡೇನಿ. ಆದ್ರ ಮುಂಜಾನಿ ಹೋದವ್ರು ಒಮ್ಮೆ ಮನಿಗೆ ಬರಬೇಕಲ್ಲ? ಮನಿಗೆ ಬರಲಾರ್ದ ಹೆಂಗ ಹೋಗ್ತಾರ?”

ಆಮೇಲೆ ತನಗೇನು ಬೇಕೆಂದು ಹೇಳಿದಳು. ಕಾರು ಹುಬ್ಬಳ್ಳಿಯಲ್ಲಿ ನೆಂಟರ ಹಿತ್ತಲಲ್ಲಿ ಬಿಸಿಲಿಗೆ ನಿಂತಿತ್ತು, ನಾಲ್ಕೂ ಟೈರು ಬಿರಿದಿದ್ದವು. ಅದಕ್ಕೆ ಅದೇ ನಮೂನೆಯ ಟೈರು ಹಾಕಿಸಿ, ಹೋದ ಗುರುತಿನ ಮಗ್ಗುಲಿಗೇ ಬಂದ ಗುರುತು ಬೀಳುವಂತೆ ಕಾರನ್ನು ಮನೆಗೆ ತರಬೇಕು. ರೋಹಿಣಿ ಮಳೆ ಬಂದು ಎಲ್ಲ ಅಳಿಸುವುದರೊಳಗೆ. “ಅಷ್ಟಾದ್ರ ನಾ ಕಾಯೂದು ಬಿಡ್ತೇನಿ” ಅಂದಳು. ಅಷ್ಟಕ್ಕೆ ಅವಳು ಆ ಕಟ್ಟೆ ಬಿಟ್ಟು ಏಳುವುದಾದರೆ ನಾನು ಟೈರು ಹೊತ್ತುಕೊಂಡಾದರೂ ಬರಲು ತಯಾರಿದ್ದೆ.

ಸಾಲಿನ ಓಣಿಯ ಬದಿಯ ತುದಿಯಲ್ಲಿ, ಗುರುತು ಚೆನ್ನಾಗಿ ಮೂಡಿದ್ದ ಒಂದು ಹೆಂಟೆಯನ್ನು ಕಳೆ ತೆಗೆಯುವ ಕುರ್ಚಿಗೆಯಿಂದ ಬಿಡಿಸಿ ಅಣ್ಣನ ಹಳೆಯ ಧೋತರದಲ್ಲಿ ಸುತ್ತಿಕೊಂಡಳು. ಹುಬ್ಬಳ್ಳಿಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡ ರೀತಿ ನೋಡಿ ಬಾಜು ಕೂತಾಕೆ, “ಯಮನೂರ ದೇವರಿಗೆ ಹೋಗಿದ್ರೇನ್ರಿ?” ಎಂದು ಕೇಳಿ ಗಂಟಿಗೆ ಕೈಮುಗಿದಳು. ವೈನಿ ಬೇಡ ಅನ್ನಲಿಲ್ಲ. ನಗು ಬರಬೇಕಾಗಿತ್ತು, ನನಗೆ ಬರಲಿಲ್ಲ.

ಟೈರಿನ ಅಂಗಡಿಯಾತ ಬಾಯ್ತುಂಬ ಎಲೆಯಡಿಕೆ ತುಂಬಿಕೊಂಡು ದೊಡ್ಡ ಹಲ್ಲಿನ ಒಂದು ಟೈರನ್ನು ಉರುಳಿಸಿ ತಂದು ತಟ್ಟಿದ. “ಎರಿ ಹಾದಿಗೆ ಇದನ್ನ ಒಯ್ರಿ ಅಕ್ಕಾರ, ಜಾರಂಗಿಲ್ಲ.”

“ಜಾರಿದ್ರ ಜಾರ್ಲಿ. ನನಗ ಇದು ಬೇಕು” ಎಂದು ವೈನಿ ಗಂಟು ಬಿಚ್ಚಿದಳು. ನಡುವೆ ಮೂರು ಅಂಕುಡೊಂಕು ಗೆರೆ, ಎರಡೂ ಅಂಚಿಗೆ ಸಣ್ಣ ಹಲ್ಲು. ಆತ ಹೆಂಟೆಯನ್ನು ನೋಡಿದ, ನಮ್ಮನ್ನು ನೋಡಿದ. ನಕ್ಕಿದ್ದರೆ ಅವನ ಅಂಗಡಿಯಲ್ಲೇ ಜಗಳ ತೆಗೆಯುತ್ತಿದ್ದೆ. ನಗಲಿಲ್ಲ.

“ಈ ನಮೂನಿ ಬರೂದು ನಿಂತೈತ್ರಿ” ಅಂದ. ವೈನಿ ಅಲ್ಲೇ ಟೈರಿನ ರಾಶಿಯ ಮೇಲೆ ಕೂತುಬಿಟ್ಟಳು. ಕೂತವಳನ್ನು ಎಬ್ಬಿಸುವುದು ನನ್ನಿಂದಲೇ ಆಗಿರಲಿಲ್ಲ, ಅವನಿಂದೇನಾದೀತು? ಕೊನೆಗೆ ಅಟ್ಟ ಹತ್ತಿ ಎರಡು ಟೈರು ಇಳಿಸಿದ. ಸವೆದ ಟೈರಿಗೆ ಮೇಲೆ ಹೊಸ ರಬ್ಬರು ಹಚ್ಚಿದ ರಿಸೋಲ್ ಮಾಲು. “ಇವು ಎರಡ ಅದಾವ್ರಿ. ನಾಲ್ಕಿಲ್ಲ.”

“ಎರಡ ಸಾಕು. ನೆಲದ ಮ್ಯಾಲ ಉಳಿಯೂದು ಹಿಂದಿನ ಗಾಲಿ ಗುರುತು. ಮುಂದಿನ ಗಾಲಿದು ಅದರ ಅಡಿಗೇ ಹೋಗ್ತೈತಿ.”

ತಿಂಗಳುಗಟ್ಟಲೆ ಆ ಸಾಲನ್ನೇ ನೋಡುತ್ತಾ ಕೂತವಳಿಗೆ ಅದು ಗೊತ್ತಿತ್ತು. ಕಣ್ಣು ಮುಚ್ಚಿ ಒಂದು ಕೈಯಿಂದ ಟೈರಿನ ಗೆರೆಗಳನ್ನೂ ಇನ್ನೊಂದರಿಂದ ಹೆಂಟೆಯನ್ನೂ ಸವರಿದಳು. ಮುಂದಿನ ಗಾಲಿಯ ಎರಡು ಟೈರುಗಳನ್ನು ಅಂಗಡಿಯಾತನೇ ಆರಿಸಿದ.

ವೈನಿ ಅಂದೇ ಬಸ್ಸಿಗೆ ಹೊರಟಳು. “ನೀ ನಾಳೆ ಕಾರಿನ್ಯಾಗ ಬಾ. ನಾ ಹೋಗಿ ನೆಲಾ ತೋಯಿಸಿ ಇಡ್ತೇನಿ.”

ಕಾರು ನಡೆಸಲು ನೆಂಟರು ಒಬ್ಬ ವಯಸ್ಸಾದ ಡ್ರೈವರನನ್ನು ಗೊತ್ತುಮಾಡಿಕೊಟ್ಟರು. ಮರುದಿನ ಹಿಂದಿನ ಸೀಟಿನಲ್ಲಿ ಕೂತು ಬಂದೆ. ಸೀಟಿನಲ್ಲಿ ಇನ್ನೂ ಅಣ್ಣನ ತಂಬಾಕಿನ ವಾಸನೆಯಿತ್ತು. ಓಣಿಯ ತಿರುವಿನಲ್ಲಿ ಡ್ರೈವರ್ ಗೇರು ಬದಲಿಸಿದಾಗ ಸೀಟಿನ ಅಂಚಿಗೆ ಸರಿದು ಕೂತೆ: ಅಂದು ಸಂಜೆ ಕೇಳಿದ್ದು ಇದೇ ಸದ್ದು. ಅಣ್ಣನ ಕಾರು, ಇನ್ನೆಂಥ ಸದ್ದು ಮಾಡೀತು ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ವೈನಿ ಮುಳ್ಳು ತೆಗೆದಿದ್ದಳು. ಬೂದು ಬಣ್ಣದ ಹಳೆಯ ಸಾಲುಗಳ ಮಗ್ಗುಲಿಗೆ, ಕೆರೆಯ ನೀರು ಹೊತ್ತು ತಂದು ತೋಯಿಸಿದ ಎರಡು ಪಟ್ಟಿಗಳು ಕಪ್ಪಗೆ ಕಾಯುತ್ತಿದ್ದವು. ಕಾರು ಅವುಗಳ ಮೇಲೆ ಮೆಲ್ಲಗೆ ಬಂತು. ವೈನಿ ಡ್ರೈವರನನ್ನು ನೋಡಲೇ ಇಲ್ಲ. ಬಗ್ಗಿ, ಹಿಂದಿನ ಗಾಲಿಯ ಜೊತೆಗೇ ಹೆಜ್ಜೆ ಹಾಕುತ್ತಾ ಬಾಗಿಲಿನವರೆಗೆ ಬಂದಳು. ಮೂರು ಗೆರೆ, ಅಂಚಿಗೆ ಹಲ್ಲು, ಹೋದದ್ದೂ ಬಂದದ್ದೂ ಒಂದೇ ನಮೂನೆ. ಕಾರು ನಿಂತಾಗ ಅವಳೇ ಮುಂದಿನ ಬಾಗಿಲು ತೆಗೆದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ನಾನು ಕಾಣದ ಕಳೆಯಿತ್ತು.

ಡ್ರೈವರ್ ಒಂದು ಕಾಲು ಕೆಳಗಿಟ್ಟ. ಚಪ್ಪಲಿ ಕೆಸರಿನಲ್ಲಿ ಹೂತಿತು.

“ಬಂತ್ರಿ ಅಕ್ಕಾರ, ನಿಮ್ಮ ಗಾಡಿ.”

ವೈನಿ ಆ ಕಾಲನ್ನು ನೋಡಿದಳು. ಆಮೇಲೆ ನಿಧಾನಕ್ಕೆ ಕಣ್ಣೆತ್ತಿ ಅವನ ಮುಖ ನೋಡಿದಳು.

“ನೀವು ಬಂದ್ರಿ” ಅಂದಳು.

“ಹೌದ್ರಿ, ನಾನ ಬಂದೆ.”

“ಅವ್ರು ಬರಲಿಲ್ಲ.”

ಬಾಗಿಲು ಹಿಡಿದುಕೊಂಡೇ ಅತ್ತಳು. ಹಳ್ಳದ ದಂಡೆಯಲ್ಲಿ ಅಳಬೇಕಾಗಿದ್ದದ್ದು, ಇಷ್ಟು ದಿನ ಅಳಬೇಕಾಗಿದ್ದದ್ದು, ಎಲ್ಲವೂ ಬಂತು. ಓಣಿಯವರು ಬಂದು ನಿಂತರು. ನಾನು ಬಿಡಿಸಲು ಹೋಗಲಿಲ್ಲ. ಒಂದು ಕಾಲು ಕೆಸರಿನಲ್ಲಿ, ಒಂದು ಕಾಲು ಕಾರಿನಲ್ಲಿ ಇಟ್ಟುಕೊಂಡು, ಇಳಿಯಬೇಕೋ ಬೇಡವೋ ತಿಳಿಯದೆ ಆ ಮುದುಕ ಹಾಗೇ ಕೂತಿದ್ದ.

ಬಹಳ ಹೊತ್ತಿನ ಮೇಲೆ ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಬಾಜು ಸರಿದಳು.

“ಇಳೀರಿ ಕಾಕಾ” ಅಂದಳು. “ಇಳೀರಿ. ಇನ್ಯಾರೂ ಬರೂದಿಲ್ಲ.”