ಕುಂಕುಮ ಹಚ್ಚಿದ ಚಪ್ಪಡಿ

ಎಪ್ಪತ್ತರ ದಶಕದ ಮಾತು. ಹೊಳಲ್ಕೆರೆಯ ಶಾಲೆಯೊಂದರಲ್ಲಿ ನಾನು ಆಗಷ್ಟೇ ಟೀಚರಾಗಿ ಸೇರಿದ್ದೆ. ಬಾಡಿಗೆಗಿದ್ದ ಬೀದಿಯನ್ನು ಒಂದು ಚರಂಡಿ ಅಡ್ಡಕ್ಕೆ ಸೀಳಿತ್ತು. ಈಚೆಗೆ ನಮ್ಮ ಮನೆ, ಪಕ್ಕದಲ್ಲಿ ಬೀದಿಯವರೆಲ್ಲ ಅಜ್ಜಿ ಎನ್ನುತ್ತಿದ್ದ ಮುದುಕಿಯ ಮನೆ. ಆಚೆಗೆ ಅಜ್ಜಿಯ ಮಗಳ ಮನೆ. ಮಗಳು ದಿನ ತುಂಬಿದ ಬಸುರಿ. ಮೂರನೆಯ ಹೆರಿಗೆಯಾದ್ದರಿಂದ ತವರಿಗೆ ಬಾರದೆ ತನ್ನ ಮನೆಯಲ್ಲೇ ಉಳಿದಿದ್ದಳು. ಅಜ್ಜಿಯೇ ದಿನವೂ ಸೊಪ್ಪಿನ ಸಾರು ಹಿಡಿದು ಹೋಗುತ್ತಿದ್ದಳು. ದಾಟಲು ಇದ್ದದ್ದು ತೆಂಗಿನ ಮರದ ಒಂದು ತುಂಡು.

ಮಳೆ ಬಂದು ನಿಂತ ಒಂದು ಬೆಳಿಗ್ಗೆ ಆ ತುಂಡು ಹೊರಳಿತು. ನಾನು ಬಾಗಿಲಲ್ಲಿದ್ದೆ. ಮೊದಲು ಪಾತ್ರೆ ಹೋಯಿತು, ಆಮೇಲೆ ಅಜ್ಜಿ. ಸದ್ದಾದದ್ದು ಪಾತ್ರೆಯದ್ದು ಮಾತ್ರ. ಅಜ್ಜಿ ಏನೂ ಸದ್ದಿಲ್ಲದೆ ಬಿದ್ದಳು. ಜನ ಓಡಿ ಬಂದು ಎತ್ತಿದಾಗ ಅವಳು ಅಂದದ್ದು, "ಸಾರೆಲ್ಲಾ ಹೋತಲ್ರೋ!"

ಸಂಜೆಗೆ ನಮ್ಮ ವಾರ್ಡಿನ ಪುರಸಭೆ ಮೆಂಬರು ಬಂದರು. ಹೊಸದಾಗಿ ಗೆದ್ದಿದ್ದವರು. ಅಜ್ಜಿ ಮಂಡಿಗೆ ಬಟ್ಟೆ ಸುತ್ತಿಕೊಂಡು ಜಗುಲಿಯ ಮೇಲೆ ಕೂತಿದ್ದಳು.

"ಏನಪ್ಪ ಮೆಂಬರೇ, ಓಟು ಕೇಳಾಕೆ ಬಂದಾಗ ಆ ತುಂಡಿನ ಮ್ಯಾಲೆ ಹೆಂಗೆ ಬಂದ್ಯಪ್ಪ?"

"ಆಚೆಗೊಬ್ರು ಈಚೆಗೊಬ್ರು ಹಿಡ್ಕಂಡಿದ್ರು ಅಜ್ಜಿ."

"ನನ್ನ ಹಿಡ್ಕಳಾಕೆ ಯಾರವ್ರೆ?"

ಮೆಂಬರು, ಪುರಸಭೆಯಲ್ಲಿ ಕೇಳಿದರೆ ಮುಂದಿನ ಮಳೆಗಾಲವಾದೀತು ಎಂದು ಬೀದಿಯವರನ್ನೇ ಕೂಡಿಸಿದರು. ಒಬ್ಬರು ಗಾಡಿ ಕೊಟ್ಟರು, ಇನ್ನೊಬ್ಬರು ಎತ್ತು. ಬಂಡೆ ಒಡೆಯುವ ಕಡೆಯಿಂದ ಅಗಲವಾದ ಚಪ್ಪಡಿ ಕಲ್ಲು ಬಂತು. ಗಂಡಸರೆಲ್ಲ ಹಾರೆ ಹಾಕಿ, ಬೈದಾಡಿಕೊಂಡು, ಅದನ್ನು ಚರಂಡಿಯ ಮೇಲೆ ಕೂರಿಸಿದರು. ಹಳೆಯ ತುಂಡನ್ನು ಯಾರೋ ಸೌದೆಗೆಂದು ಕೊಂಡೊಯ್ದರು.

ಅಲ್ಲಿಗೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಪೂಜೆಯಿಲ್ಲದೆ ಹೇಗೆ ಎಂದು ಯಾರೋ ಅಂದರು. ಮೆಂಬರು ತಾವೇ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದರು. ಎಲ್ಲರೂ ಕೈಮುಗಿದೆವು.

"ಬರ್ರಿ, ಇನ್ನು ದಾಟ್ರಿ," ಅಂದರು ಮೆಂಬರು.

ಯಾರೂ ಅಲುಗಲಿಲ್ಲ.

"ನೀವು ಮುಂದೆ ಹೋಗ್ರಿ ಮೆಂಬರೇ."

"ಲೇ, ಈಗಿನ್ನೂ ಕೈ ಮುಗ್ದೀನಿ, ಅದ್ರ ಮ್ಯಾಲೆ ಕಾಲಿಡ್ಲೇನಲೇ?"

ಹಾಗೆಂದವರು ಪಂಚೆ ಎತ್ತಿ ಕಟ್ಟಿ, ಚಪ್ಪಡಿಯ ಪಕ್ಕದಲ್ಲಿ ಚರಂಡಿಯನ್ನು ಹಾರಿ ಆಚೆಗೆ ಹೋದರು. ಹಿಂದೆಯೇ ಉಳಿದವರೂ ಹಾರಿದರು. ಮರುದಿನ ಚಪ್ಪಡಿಯ ಮೇಲೆ ರಂಗೋಲಿ ಕಂಡಿತು. ಅದರ ಮರುದಿನ ದೀಪ. ಆ ಕಡೆ ಬಂದವರು ಚಪ್ಪಲಿ ಬಿಟ್ಟು, ಕೈಮುಗಿದು, ಮತ್ತೆ ಚಪ್ಪಲಿ ಮೆಟ್ಟಿ ಚರಂಡಿ ಹಾರುತ್ತಿದ್ದರು.

ಅಜ್ಜಿ ಹಾರುವುದೆಲ್ಲಿ? ಸುತ್ತಿ ಹೋಗಬೇಕೆಂದರೆ ಸಂತೆ ಮೈದಾನದವರೆಗೆ ನಡೆಯಬೇಕು. ಪೆಟ್ಟಾದ ಮಂಡಿ ಅದಕ್ಕೆ ಒಪ್ಪುತ್ತಿರಲಿಲ್ಲ. ಸಾರನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಾ ನನ್ನೊಡನೆ ಗೊಣಗುತ್ತಿದ್ದಳು: "ಮೊದ್ಲು ಬಿದ್ದಾದ್ರೂ ಹೋಗ್ತಿದ್ದೆ ಟೀಚರಮ್ಮ. ಈಗ ಬೀಳಾಕೂ ದಾರಿ ಇಲ್ಲ."

ಒಂದು ಭಾನುವಾರ ಮಧ್ಯಾಹ್ನ ಆಚೆ ದಡದಿಂದ ಅವಳ ಅಳಿಯ ಕೂಗಿದ: "ಅತ್ತೇ, ನೋವು ಶುರುವಾಗೈತೆ! ನಿಮ್ಮನ್ನೇ ಕರೀತಾವ್ಳೆ!"

ಅಜ್ಜಿ ಕುಂಟುತ್ತಾ ಚಪ್ಪಡಿಯ ಅಂಚಿಗೆ ಬಂದು ನಿಂತಳು. ಕುಂಕುಮ ಕಂಡು ಅವಳ ಕಾಲೂ ಏಳಲಿಲ್ಲ. ಸುದ್ದಿ ತಿಳಿದು ಮೆಂಬರು ಓಡಿ ಬಂದರು. ಅಜ್ಜಿ ಅವರತ್ತ ತಿರುಗಿದಳು.

"ಅಲ್ಲಪ್ಪ, ಗಣಪ್ಪನ್ನ ಕೂರಿಸ್ತೀವಿ, ಪೂಜೆ ಮಾಡ್ತೀವಿ. ಆಮ್ಯಾಲೆ?"

"ಕೆರೆಗೆ ಬಿಡ್ತೀವಿ."

"ಇದನ್ನೂ ಕಳಿಸ್ಕೊಡು ಮತ್ತೆ."

"ಅಷ್ಟು ಕಷ್ಟಬಿದ್ದು ತಂದ ಕಲ್ಲನ್ನಾ ಅಜ್ಜಿ?"

"ಕಲ್ಲು ಇರ್ಲಿ ಕಣಪ್ಪ. ದೇವ್ರನ್ನ ಕಳ್ಸು!"

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಮಂಗಳಾರತಿಯಾಯಿತು. ಕೆರೆಗೆ ಬಿಡುವ ಮೊದಲು ಗಣಪನನ್ನು ಕದಲಿಸುವ ಹಾಗೆ ಹಾರೆ ಹಾಕಿ ಕಲ್ಲನ್ನು ಒಂಚೂರು ಕದಲಿಸಿ, ಮತ್ತೆ ಭದ್ರವಾಗಿ ಕೂರಿಸಿದರು. ಕೊಡದ ನೀರು ಸುರಿದು ಅರಿಶಿನ ಕುಂಕುಮ ತೊಳೆದರು.

"ಹೋಗಿ ಬಾ ತಾಯಿ ಅನ್ರಿ," ಅಂದರು ಮೆಂಬರು.

"ತಾಯಿನೋ ತಂದೆನೋ?" ಎಂದು ಗುಂಪಿನಲ್ಲೊಬ್ಬ ಕೇಳಿದ.

"ಯಾರಾದ್ರೂ ಆಗ್ಲಿ, ಹೋಗಿ ಬಾ ಅನ್ರಲೇ!"

"ಬಾ ಅಂದ್ರೆ ತಿರುಗಿ ಬಂದ್ಬಿಟ್ರೆ?"

ಅವನಿಗೆ ಉತ್ತರ ಸಿಗುವ ಮೊದಲೇ ಅಜ್ಜಿ ಬಲಗಾಲು ಇಟ್ಟಾಗಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಎಡಗಾಲನ್ನೂ ತಂದು ಇಟ್ಟಳು. ಕಲ್ಲು ಮಿಸುಕಲಿಲ್ಲ. ನಡುವೆ ನಿಂತಳು. ಬಗ್ಗಿದಳು. ನನಗೆ ಮತ್ತೆ ಆ ಪಾತ್ರೆಯ ಸದ್ದು ಕೇಳಿದಂತಾಯಿತು. ಅವಳು ಒದ್ದೆ ಕಲ್ಲನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಅಷ್ಟೇ. ಆಚೆ ದಡ ಮುಟ್ಟಿ, ತಿರುಗಿ ನೋಡದೆ ಕೂಗಿದಳು:

"ಟೀಚರಮ್ಮಾ, ಉಸಿರು ಬಿಡವ್ವ. ದಾಟ್ದೆ!"

ಹೊತ್ತು ಮುಳುಗುವ ಮೊದಲು ಮಗುವಿನ ಅಳು ನಮ್ಮ ಮನೆಯವರೆಗೂ ಕೇಳಿಸಿತು. ಅಳಿಯ ತಟ್ಟೆಯಲ್ಲಿ ಸಕ್ಕರೆ ಹಿಡಿದು ಹಂಚಲು ಹೊರಟ. ಚಪ್ಪಡಿಯ ಹತ್ತಿರ ಬಂದವನು, ರೂಢಿಯಂತೆ, ಪಕ್ಕಕ್ಕೆ ಸರಿದು ಚರಂಡಿಯನ್ನು ಹಾರಿದ. ಅರ್ಧ ಸಕ್ಕರೆ ಅಂದು ಸಾರು ಹೋದಲ್ಲಿಗೇ ಹೋಯಿತು.