ಹೊಸಹೊಳಲಿನ ಕುಕ್ಕರ್ ಹಿಡಿ

ಕೆ.ಆರ್. ಪೇಟೆ ದಾಟಿ ಹೊಸಹೊಳಲಿನ ಬೀದಿಯೊಂದರಲ್ಲಿ ನೀರು ಕುಡಿಯಲೆಂದು ಸೈಕಲ್ ನಿಲ್ಲಿಸಿದೆ. ನನ್ನ ಹಾಗೆ ಸೈಕಲ್ಲಿನ ಹಿಂಚಕ್ರದ ಎರಡೂ ಪಕ್ಕ ಚೀಲ ಕಟ್ಟಿಕೊಂಡು ಈ ಕಡೆ ಬರುವವರು ಒಂದೋ ಮಾರಲು ಬರುತ್ತಾರೆ, ಇಲ್ಲವೇ ರಿಪೇರಿಗೆ. ಎದುರು ಮನೆಯ ಹೆಂಗಸು ಕುಕ್ಕರ್ ಹಿಡಿದುಕೊಂಡೇ ಹೊರಬಂದರು.

"ಇದ್ರ ಇಡಿ ಅಳ್ಳಾಡ್ತದೆ ಕಣಪ್ಪ. ನೆನ್ನೆ ಬಿಸಿ ಸಾರು ಕಾಲ್ ಮ್ಯಾಲೇ ಸುರ್ಕೋತಿದ್ದೆ. ಬಿಗಿ ಮಾಡ್ಕೊಡು."

"ನಾನು ರಿಪೇರಿಯವನಲ್ಲಮ್ಮ, ಸುಮ್ಮನೆ ಊರು ಸುತ್ತೋಕೆ ಬಂದವನು" ಅಂದೆ.

"ಮತ್ತೆ ಚೀಲ್ದಲ್ಲಿ ಏನಿಟ್ಕಂಡಿದ್ದೀಯ?"

ಬಿಚ್ಚಿ ತೋರಿಸಿದೆ. ಬದಲಿ ಟ್ಯೂಬು, ಗಾಳಿ ಪಂಪು, ಪಂಚರ್ ಅಂಟು, ಮಳೆಕೋಟು, ಒಂದಿಷ್ಟು ಖರ್ಜೂರ. ತಳದಲ್ಲಿ ಪುಟ್ಟ ಸ್ಕ್ರೂಡ್ರೈವರು ಕಂಡದ್ದೇ ತಡ, ಕುಕ್ಕರ್ ನನ್ನ ಕೈಗೆ ಬಂತು.

"ಇದೇನಪ್ಪ ಮತ್ತೆ? ಸುಳ್ಳೇಳ್ತೀಯಲ್ಲ!"

ಅವರ ಜಗಲಿಯ ಮೇಲೆ ಕೂತು ಸ್ಕ್ರೂ ಬಿಗಿಸಿದೆ. ಅವರು ಹಿಡಿಯನ್ನು ಎರಡು ಸಲ ಜೋರಾಗಿ ಅಲ್ಲಾಡಿಸಿ ನೋಡಿದರು. ಅದು ಮಿಸುಕಲಿಲ್ಲ. ಆಮೇಲೆ ಬೀದಿಯ ಆ ತುದಿಗೆ ಕೇಳುವಂತೆ ಕೂಗಿದರು:

"ಲೇ ರತ್ನಾ, ರಿಪೇರಿಯವ್ನಲ್ವಂತೆ ಕಣೇ! ಆದ್ರೂ ಮಾಡ್ಕೊಡ್ತಾವ್ನೆ, ನಿಂದೂ ಎತ್ಕೊಂಡ್ ಬಾರೇ!"