ಅವ್ವನ ಅಳು ಕ್ಯಾಸೆಟ್ಟಾದದ್ದು

ಸಣ್ಣಣ್ಣನ ರಾಕ್ ಬ್ಯಾಂಡಿನ ಕ್ಯಾಸೆಟ್ಟು ಬಂದದ್ದು ಒಂದೇ ಒಂದು. ಎ ಸೈಡಿನ ಪ್ರೇಮಗೀತೆಗಳನ್ನು ಆ ನಾಲ್ಕು ಹುಡುಗರು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಹಿತ್ತಿಲಲ್ಲಿ ವರ್ಷವಿಡೀ ಅಭ್ಯಾಸ ಮಾಡಿ ಅಕ್ಕಪಕ್ಕದವರ ಕಿವಿ ತೂತು ಮಾಡಿದ್ದರು. ಅವನ್ನು ನಾಯಿಯೂ ಮೂಸಲಿಲ್ಲ. ಬಿ ಸೈಡಿನ ಕೊನೆಯಲ್ಲಿ ಜಾಗ ಉಳಿಯಿತೆಂದು ತುರುಕಿದ ‘ಮುದ್ದೆ ಹಾಡು’ ಮಾತ್ರ ಬೇಲೂರಿನವರೆಗೂ ಜನರನ್ನು ಕುಣಿಸಿತು. ಎಂಥ ತಮಾಷೆ ಹಾಡು ಕಣ್ರೀ ಎಂದು ಇವತ್ತಿಗೂ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ತಮಾಷೆಯಂತೆ, ಥೂ! ಅದು ನಮ್ಮವ್ವನ ಅಳು.

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ರಾಗ. ಮಾತು ಆ ಹೊತ್ತಿಗೆ ಬಾಯಿಗೆ ಬಂದದ್ದು. ದೊಡ್ಡಣ್ಣ ಇನ್ನೂ ಮದುವೆಯಾಗುವ ವಯಸ್ಸಿನಲ್ಲೇ ಕಾಮಾಲೆಯಾಗಿ ಹೋದಾಗ ಅವ್ವ ಅವನ ಎದೆ ನೀವುತ್ತ, ‘ಎದ್ದು ಬಾರೋ ನನ್ನಪ್ಪ, ಮುದ್ದೆ ಆರಿತು, ಸಾರು ಆರಿತು, ಇನ್ನೂ ಯಾಕೆ ಬರಲಿಲ್ಲ’ ಎಂದು ಅತ್ತಳು. ಆಮೇಲೂ ಒಲೆ ಮುಂದೆ ಕೂತಾಗ ಅದೇ ರಾಗದಲ್ಲಿ ಸಣ್ಣಗೆ ಅಳುತ್ತಿದ್ದಳು. ಅತ್ತರೆ ಒಂದೆರಡು ತುತ್ತು ಉಣ್ಣುತ್ತಿದ್ದಳು.

ಸಣ್ಣಣ್ಣ ಅದನ್ನು ಗಿಟಾರಿಗೆ ಹಾಕಿದ. ಅಣ್ಣನ ನೆನಪಿಗೆಂದೇ ಹಾಕಿದ, ಸುಳ್ಳು ಹೇಳಬಾರದು. ಮೊದಮೊದಲು ನುಡಿಸುವಾಗ ಅವನ ಕಣ್ಣೂ ತುಂಬುತ್ತಿತ್ತು. ರೆಕಾರ್ಡಿಂಗ್ ದಿನ ಡ್ರಮ್ಸ್ ಬಾರಿಸುವವನು, ‘ಏನ್ಲಾ ಇದು, ಹೆಣ ಎತ್ತೋ ಹಂಗೈತೆ, ತಾಳ ಒಸಿ ಓಡ್ಸನ’ ಅಂದನಂತೆ. ಓಡಿಸಿದರು. ಸಣ್ಣಣ್ಣನೂ ಹೂಂ ಅಂದಿದ್ದ.

ಅವ್ವ ಅದನ್ನು ಮೊದಲು ಕೇಳಿದ್ದು ನನ್ನ ಜೊತೆ ಬೇಲೂರಿಗೆ ಹೋಗುವಾಗ, ಪ್ರೈವೇಟ್ ಬಸ್ಸಿನಲ್ಲಿ. ಹಳೇಬೀಡು ದಾಟುತ್ತಲೇ ಡ್ರೈವರ್ ಕ್ಯಾಸೆಟ್ ತಿರುವಿ ಹಾಕಿದ. ಹಿಂದೆ ಕೂತವರು ಶಿಳ್ಳೆ ಹೊಡೆದರು. ‘ಮುದ್ದೆ ಆರಿತು’ ಅಂದಾಗಲೆಲ್ಲ ಇಡೀ ಬಸ್ಸು ಹೋ ಎಂದಿತು. ಅವ್ವ ನನ್ನ ಕೈ ಹಿಡಿದು, ‘ಇದು ನಂದಲ್ವೇನೇ?’ ಅಂದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಮನೆಗೆ ಬಂದು ಸಣ್ಣಣ್ಣನನ್ನು ಕೇಳಿದಳು. ‘ಎಲ್ರೂ ಹಾಡ್ತಾವ್ರೆ ಕಣವ್ವ. ಅಣ್ಣ ಉಳ್ಕಂಡ’ ಅಂದ.

‘ನಗೋರ ಬಾಯಾಗೆ ಉಳ್ಕಂಡ್ನೇನೋ?’

ಅವತ್ತಿನಿಂದ ಅವ್ವ ಒಲೆ ಮುಂದೆ ಅಳುವುದನ್ನು ಬಿಟ್ಟಳು. ಮದುವೆ ಮೆರವಣಿಗೆಯಲ್ಲಿ, ಗಣಪತಿ ಬಿಡುವ ದಿನ, ಎಲ್ಲೆಲ್ಲೂ ಅದೇ ಹಾಡು; ಅವಳು ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಕೆಲವು ವರ್ಷಕ್ಕೆ ಅಪ್ಪ ತೀರಿಕೊಂಡ. ಅಂಗಳದಲ್ಲಿ ಮಲಗಿಸಿ, ಹೆಂಗಸರು ಅವ್ವನನ್ನು ಪಕ್ಕಕ್ಕೆ ಕೂರಿಸಿದರು. ಅವ್ವ ಅಪ್ಪನ ಎದೆ ಮೇಲೆ ಕೈಯಿಟ್ಟು ಬಾಯಿ ತೆರೆದಳು. ರಾಗ ಇನ್ನೂ ಪೂರ್ತಿ ಎದ್ದಿರಲಿಲ್ಲ, ನಿಂತ ಜನರಲ್ಲಿ ಯಾರದೋ ಕಾಲು ತಾಳ ಹಾಕಿತು. ಪಾಪ, ಅವನಿಗೇ ಗೊತ್ತಾಗಿರಲಿಕ್ಕಿಲ್ಲ. ಅವ್ವನಿಗೆ ಗೊತ್ತಾಯಿತು. ನಿಲ್ಲಿಸಿಬಿಟ್ಟಳು.

‘ಅತ್ಬುಡವ್ವ, ಎದೇಲಿಟ್ಕಬ್ಯಾಡ’ ಎಂದು ಪಕ್ಕದ ಮನೆಯಾಕೆ ಬೆನ್ನು ಸವರಿದಳು.

‘ಹೆಂಗ್ ಅಳ್ಲವ್ವ? ನಂಗೆ ಬರೋದು ಅದೊಂದೇ ರಾಗ’ ಅಂದಳು ಅವ್ವ.

ಸಣ್ಣಣ್ಣ ಅಲ್ಲೇ ನಿಂತಿದ್ದ. ಅಪ್ಪನನ್ನು ಎತ್ತಿಕೊಂಡು ಹೋಗುವವರೆಗೂ ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು.